ವಿಷ ಮೊದಲೋ, ಮದ್ದು ಮೊದಲೋ: ಭಾರಲೋಹ, ಮೂತ್ರಪಿಂಡ ಮತ್ತು ಔಷಧಿ ಸಸ್ಯಗಳ ಸಂಶೋಧನೆಯ ಹಾದಿ

14ನೆಯ ಶತಮಾನದಲ್ಲಿ ಒಂದನೆಯ ಮಂಗರಾಜ ಬರೆದ ‘ಖಗೇಂದ್ರಮಣಿದರ್ಪಣ’ ವಿಷವೈದ್ಯಕ್ಕೇ ಮೀಸಲಾದ ಕನ್ನಡ ಕೃತಿ. ಹಾವು ಕಚ್ಚಿತು, ಚೇಳು ಕುಟುಕಿತು, ನಂಜಿನ ಬೇರು ಹೊಟ್ಟೆಗೆ ಹೋಯಿತು ಎಂದರೆ ಆ ವಿಷಕ್ಕೆ ಒಂದು ಗಳಿಗೆ ಇರುತ್ತದೆ. ಮದ್ದು ಅದರ ಬೆನ್ನಟ್ಟಿ ಬರುತ್ತದೆ. ಕ್ಯಾಡ್ಮಿಯಂನಂಥ ಲೋಹಕ್ಕೆ ಅಂಥ ಗಳಿಗೆಯೇ ಇಲ್ಲ. ಅನ್ನದಲ್ಲಿ, ಬೀಡಿ ಸಿಗರೇಟಿನ ಹೊಗೆಯಲ್ಲಿ ಚೂರುಚೂರೇ ಬಂದು ಮೂತ್ರಪಿಂಡದಲ್ಲಿ ಠಿಕಾಣಿ ಹೂಡುತ್ತದೆ. ಅದರಲ್ಲಿ ಅರ್ಧ ಹೊರಬೀಳಲು 10ರಿಂದ 30 ವರ್ಷ ಬೇಕು. ಈ ವ್ಯತ್ಯಾಸವನ್ನು ಮರೆತರೆ ಸಸ್ಯೌಷಧ ಪ್ರಯೋಗಗಳ ಫಲಿತಾಂಶವನ್ನು ತಪ್ಪಾಗಿ ಓದುತ್ತೇವೆ ಎಂಬುದು ಈ ಲೇಖನದ ವಾದ.

ಕ್ಯಾಡ್ಮಿಯಂ ಬಳಸುವ ಬ್ಯಾಟರಿ ಕಾರ್ಖಾನೆಯ ಕೆಲಸಗಾರರ ಮೂತ್ರದಲ್ಲಿ ಪ್ರೋಟೀನ್ ಸೋರುವುದನ್ನು ಸ್ವೀಡನ್ನಿನ ಲಾರ್ಸ್ ಫ್ರೀಬರ್ಗ್ 1950ರಲ್ಲಿ ದಾಖಲಿಸಿದರು. ಜಪಾನಿನ ತೊಯಾಮಾ ಪ್ರಾಂತದಲ್ಲಿ ಆಗಿದ್ದು ಇನ್ನೂ ಘೋರ. ಕಮಿಯೋಕಾ ಗಣಿಯ ತ್ಯಾಜ್ಯ ಜಿಂಜು ನದಿಗೆ ಸೇರಿ, ನದಿಯ ನೀರು ಗದ್ದೆಗೆ ಹರಿದು, ಅಲ್ಲಿಂದ ಅಕ್ಕಿಗೆ ಬಂತು. ಹಲವು ಮಕ್ಕಳನ್ನು ಹೆತ್ತ ನಡುವಯಸ್ಸಿನ ಹೆಂಗಸರ ಮೂಳೆಗಳು ಸುಮ್ಮನೆ ಮುರಿಯತೊಡಗಿದವು. ‘ಇತಾಯಿ ಇತಾಯಿ’, ಅಂದರೆ ‘ನೋವು, ನೋವು’ ಎಂಬ ನರಳಾಟವೇ ರೋಗದ ಹೆಸರಾಯಿತು. ಸ್ಥಳೀಯ ವೈದ್ಯ ನೊಬೊರು ಹಗಿನೊ 1955ರಲ್ಲಿ ಇದನ್ನು ವರದಿ ಮಾಡಿದರೂ ಸರ್ಕಾರ ಕ್ಯಾಡ್ಮಿಯಂ ಕಾರಣವೆಂದು ಒಪ್ಪಿದ್ದು 1968ರಲ್ಲಿ. ಮುರಿದದ್ದು ಮೂಳೆ, ಆದರೆ ಮೊದಲು ಕೆಟ್ಟದ್ದು ಮೂತ್ರಪಿಂಡ.

ಕೆಡುವ ಬಗೆ ವಿಚಿತ್ರವಾಗಿದೆ. 1957ರಲ್ಲಿ ಕುದುರೆಯ ಮೂತ್ರಪಿಂಡದಿಂದ ಬೇರ್ಪಡಿಸಿದ ಮೆಟಲೋಥಯೊನೀನ್ ಎಂಬ ಪ್ರೋಟೀನು ಗಂಧಕದ ಕೊಂಡಿಗಳಿಂದ ಕ್ಯಾಡ್ಮಿಯಂ ಅನ್ನು ಹಿಡಿದಿಡುತ್ತದೆ. ಇದು ದೇಹದ ಕಾವಲುಗಾರನೇ. ಆದರೆ ಯಕೃತ್ತಿನಿಂದ ಹೊರಟ ಈ ಜೋಡಿಯನ್ನು ಮೂತ್ರನಾಳಿಕೆಯ ಮೊದಲ ಸುರುಳಿಯ ಜೀವಕೋಶಗಳು ಒಳಗೆಳೆದುಕೊಂಡು, ಪ್ರೋಟೀನನ್ನು ಅರಗಿಸಿ, ಲೋಹವನ್ನು ಬಿಡಿಸಿಬಿಡುತ್ತವೆ. ಬಿಡುಗಡೆಯಾದ ಲೋಹ ಜೀವಕೋಶವನ್ನು ಕಾಯುವ ಗ್ಲುಟಾಥಯೋನ್‌ನ ದಾಸ್ತಾನನ್ನು ಬರಿದು ಮಾಡಿ ಮೈಟೊಕಾಂಡ್ರಿಯಾಗಳನ್ನು ಹಾಳುಗೆಡವುತ್ತದೆ. ಎರಡನೆಯ ಮಹಾಯುದ್ಧದ ಕಾಲಕ್ಕೆ ಆಕ್ಸ್‌ಫರ್ಡಿನಲ್ಲಿ ಆರ್ಸೆನಿಕ್ ಅನಿಲದ ವಿರುದ್ಧ ರೂಪಿಸಿದ ಡೈಮರ್ಕಪ್ರಾಲ್ ಕೂಡ ಇಲ್ಲಿ ಕೆಲಸಕ್ಕೆ ಬಾರದು. ಕ್ಯಾಡ್ಮಿಯಂ ವಿಷಯದಲ್ಲಿ ಅದು ಮೂತ್ರಪಿಂಡಕ್ಕೆ ಇನ್ನಷ್ಟು ಹಾನಿ ಮಾಡಬಲ್ಲದು. ಸಸ್ಯಗಳತ್ತ ಸಂಶೋಧಕರ ಕಣ್ಣು ಹೊರಳಲು ಈ ಕೊರತೆಯೂ ಒಂದು ಕಾರಣ.

ಹುಡುಕಲು ಹಳೆಯ ಪಟ್ಟಿಗಳು ಕೈಯಲ್ಲೇ ಇದ್ದವು. ಚರಕಸಂಹಿತೆಯಲ್ಲಿ ಮೂತ್ರ ಹೆಚ್ಚಿಸುವ ಹತ್ತು ದ್ರವ್ಯಗಳ ಗುಂಪಿನಲ್ಲಿ ನಮ್ಮ ಬಯಲುಸೀಮೆಯ ನೆಗ್ಗಿಲು ಮುಳ್ಳು ಇದೆ. ಅದರ ಜೊತೆಗೆ ಪುನರ್ನವ, ನೆಲ್ಲಿ, ನುಗ್ಗೆ, ಅರಿಶಿನ, ಬೆಳ್ಳುಳ್ಳಿ ಎಲ್ಲವೂ ಪ್ರಯೋಗಾಲಯ ಹೊಕ್ಕವು. ಪ್ರಯೋಗದ ಅಚ್ಚು ಹೆಚ್ಚುಕಡಿಮೆ ಒಂದೇ. ಇಲಿಗಳ ಒಂದು ಗುಂಪಿಗೆ ಬರೀ ನೀರು, ಇನ್ನೊಂದಕ್ಕೆ ಲೋಹದ ಲವಣ, ಮೂರನೆಯದಕ್ಕೆ ಗಿಡದ ಸಾರ, ನಾಲ್ಕನೆಯದಕ್ಕೆ ಎರಡೂ. ಕೆಲವು ವಾರಗಳ ನಂತರ ರಕ್ತದ ಕ್ರಿಯಾಟಿನಿನ್, ಯೂರಿಯಾ ಅಳೆದು, ಮೂತ್ರಪಿಂಡದ ತೆಳು ಪದರವನ್ನು ಸೂಕ್ಷ್ಮದರ್ಶಕದಡಿ ಇಡುತ್ತಾರೆ. ಲೋಹ ಮಾತ್ರ ಉಂಡ ಇಲಿಯ ನಾಳಿಕೆಯಲ್ಲಿ ಜೀವಕೋಶಗಳು ಊದಿ, ಗೋಡೆಯಿಂದ ಕಳಚಿ, ಒಳಗೇ ಕಟ್ಟಿಕೊಂಡಿರುತ್ತವೆ. ಸಾರವನ್ನೂ ಉಂಡ ಇಲಿಯಲ್ಲಿ ಗೋಡೆ ಬಹುಪಾಲು ಉಳಿದಿರುತ್ತದೆ.

ಫಲಿತಾಂಶ ಸುಳ್ಳಲ್ಲ. ಆದರೆ ಇಂಥ ಬಹಳಷ್ಟು ಪ್ರಯೋಗಗಳಲ್ಲಿ ಸಾರ ಲೋಹಕ್ಕಿಂತ ಮುಂಚೆ, ಇಲ್ಲವೇ ಅದರ ಜೊತೆಗೇ ಇಲಿಯ ಹೊಟ್ಟೆಗೆ ಹೋಗಿರುತ್ತದೆ. ಎರಡನ್ನೂ ಬಾಯಿಯ ಮೂಲಕ ಕೊಟ್ಟಾಗ ಸಸ್ಯದ ಟ್ಯಾನಿನ್ನುಗಳು ಕರುಳಿನಲ್ಲೇ ಲೋಹವನ್ನು ಕಟ್ಟಿಹಾಕಿದವೋ, ಮೂತ್ರಪಿಂಡವನ್ನು ನಿಜಕ್ಕೂ ಕಾದವೋ ಹೇಳುವುದು ಕಷ್ಟ. ಜಿಂಜು ದಡದ ರೈತ ಮಹಿಳೆಗೆ ವಿಷ ಬರುತ್ತಿದೆಯೆಂದು ಮೊದಲೇ ಹೇಳಿದವರಾರು?

ವಿಷ ಬರುವ ದಿನ ಮುಂಚೆಯೇ ಗೊತ್ತಿರುವುದು ಸಿಸ್‌ಪ್ಲಾಟಿನ್‌ನಲ್ಲಿ. 1978ರಲ್ಲಿ ಅಮೆರಿಕದಲ್ಲಿ ಪರವಾನಗಿ ಪಡೆದ ಪ್ಲಾಟಿನಂ ಮೂಲದ ಈ ಕ್ಯಾನ್ಸರ್ ಔಷಧ ಮೂತ್ರಪಿಂಡಕ್ಕೆ ಹಾನಿಕರ. ಮುಂಚಿತವಾಗಿ ಸಸ್ಯದ ಸಾರ ಕೊಟ್ಟು ನೋಡುವುದಕ್ಕೆ ಇಲ್ಲಿ ಅರ್ಥವಿದೆ. ಸದ್ಯಕ್ಕೆ ಆಸ್ಪತ್ರೆಗಳು ನೆಚ್ಚಿರುವುದು ಮಾತ್ರ ಸಲೈನನ್ನು.

ಮನುಷ್ಯರ ಮೇಲಿನ ಪ್ರಯೋಗಗಳು ವಿರಳ. ಇರಾನಿನಲ್ಲಿ ಕಾರು ಬ್ಯಾಟರಿ ಕಾರ್ಖಾನೆಯ 117 ಕೆಲಸಗಾರರಿಗೆ ನಾಲ್ಕು ವಾರ ಬೆಳ್ಳುಳ್ಳಿ ಅಥವಾ ಲೋಹವನ್ನು ಹೊರಹಾಕುವ ಔಷಧ ಪೆನಿಸಿಲಮಿನ್ ಕೊಟ್ಟ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ರಕ್ತದ ಸೀಸವನ್ನು ಎರಡೂ ಸರಿಸುಮಾರು ಒಂದೇ ಮಟ್ಟಿಗೆ ಇಳಿಸಿದವು. ನಮ್ಮ ರಸಶಾಸ್ತ್ರದಲ್ಲಿ ಪಾದರಸದ ಶೋಧನೆಗೆ ಅದನ್ನು ಬೆಳ್ಳುಳ್ಳಿ, ಸೈಂಧವ ಲವಣದ ಜೊತೆ ಅರೆಯುವ ವಿಧಾನ ನೆನಪಾಗುತ್ತದೆ. ಬೆಳ್ಳುಳ್ಳಿಯ ಗಂಧಕಕ್ಕೂ ಲೋಹಕ್ಕೂ ಇರುವ ನಂಟು ಅಲ್ಲೂ ಇದೆ, ಇಲ್ಲೂ ಇದೆ. ಅಷ್ಟರಿಂದಲೇ ಹಿರಿಯರಿಗೆ ರಸಾಯನಶಾಸ್ತ್ರ ತಿಳಿದಿತ್ತು ಎಂದು ಬೀಗುವುದು ಬೇಡ. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಾಸ್ಟನ್ ಸುತ್ತಮುತ್ತ ಕೊಂಡ 70 ಆಯುರ್ವೇದ ಉತ್ಪನ್ನಗಳ ಪೈಕಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು.

ಮದ್ದೇ ವಿಷವಾದ ಉದಾಹರಣೆಗಳು ಬೇರೆಯೂ ಇವೆ. 1993ರಲ್ಲಿ ಬ್ರಸೆಲ್ಸ್‌ನಲ್ಲಿ ತೂಕ ಇಳಿಸುವ ಚೀನೀ ಮೂಲಿಕೆ ಸೇವಿಸಿದ ಹೆಂಗಸರ ಮೂತ್ರಪಿಂಡ ಕೆಟ್ಟ ವರದಿ ಬಂತು. ಕಾರಣ ಅರಿಸ್ಟೊಲೋಕಿಕ್ ಆಮ್ಲ. ನಮ್ಮಲ್ಲಿ ಹಾವಿನ ಕಡಿತಕ್ಕೆ ಬಳಸುವ ಈಶ್ವರಿ ಬೇರು ಈ ಆಮ್ಲವಿರುವ ಗಿಡಗಳ ಕುಲದ್ದೇ. ಅರಿಶಿನದ ಕತೆ ಇನ್ನೂ ವ್ಯಂಗ್ಯದ್ದು. ಸೀಸದಿಂದ ಇಲಿಯ ಮೂತ್ರಪಿಂಡವನ್ನು ಕಾಯುತ್ತದೆಂದು ಪ್ರಬಂಧಗಳಲ್ಲಿ ಹೊಗಳಿಸಿಕೊಂಡ ಅರಿಶಿನಕ್ಕೆ ಬಾಂಗ್ಲಾದೇಶದಲ್ಲಿ ಬಣ್ಣ ಏರಲೆಂದು ಸೀಸದ ಕ್ರೋಮೇಟ್ ಬೆರೆಸುತ್ತಿದ್ದರು. 2019ರಲ್ಲಿ ಅಲ್ಲಿನ ಮಾರುಕಟ್ಟೆಯ ಮಾದರಿಗಳಲ್ಲಿ ಶೇ. 47ರಲ್ಲಿ ಸೀಸ ಪತ್ತೆಯಾಗಿತ್ತು. ಜನಜಾಗೃತಿ, ದಾಳಿ, ದಂಡದ ನಂತರ 2021ಕ್ಕೆ ಅದು ಸೊನ್ನೆಗೆ ಇಳಿಯಿತು.

ಜಿಂಜು ಬಯಲಿನಲ್ಲಿ ಕೊನೆಗೆ ಬದಲಾಯಿಸಿದ್ದು ಗದ್ದೆಯ ಮೇಲ್ಮಣ್ಣನ್ನು. ಆ ಕೆಲಸ ಮೂರು ದಶಕಕ್ಕೂ ಹೆಚ್ಚು ಕಾಲ ನಡೆದು 2012ರಲ್ಲಿ ಮುಗಿಯಿತು.