ಡೇಟ್ ಪಿಕರ್ ಒಳಗಿನ ಬ್ರಿಟಿಷ್ ಕಾಯ್ದೆ

ವಿಂಡೋಸ್ ಫಾರ್ಮ್ಸ್‌ನಲ್ಲಿ ಕೋಡ್ ಬರೆದವರಿಗೆ ಈ ಎರರ್ ಒಮ್ಮೆಯಾದರೂ ಸಿಕ್ಕಿರುತ್ತೆ. ತಾರೀಖು ತುಂಬದೇ ಬಿಟ್ಟರೆ ಡಾಟ್‌ನೆಟ್ ಅದನ್ನು ಕ್ರಿ.ಶ. 1ರ ಜನವರಿ 1 ಅಂತ ಇಟ್ಟುಕೊಳ್ಳುತ್ತದೆ. ಅದನ್ನೇ ಡೇಟ್ ಪಿಕರ್‌ಗೆ ಕೊಟ್ಟರೆ ಪ್ರೋಗ್ರಾಂ ಮಕಾಡೆ ಮಲಗುತ್ತೆ. ಯಾಕಂದ್ರೆ ಆ ಪಿಕರ್ 1753ರ ಜನವರಿ 1ಕ್ಕಿಂತ ಹಿಂದಿನ ಯಾವ ದಿನವನ್ನೂ ಒಪ್ಪುವುದಿಲ್ಲ. ನಾವೂ ಒಂದು ಇಫ್ ಹಾಕಿ ಮುಂದೆ ಹೋಗ್ತೀವಿ. 1753ರಲ್ಲಿ ಅಂಥದ್ದೇನಾಯ್ತು ಅಂತ ಕೇಳೋಕೆ ಪುರುಸೊತ್ತು ಯಾರಿಗಿದೆ?

ಉತ್ತರ ಇರೋದು ಲಂಡನ್ನಿನ ಪಾರ್ಲಿಮೆಂಟಿನಲ್ಲಿ. ಪೋಪ್ 13ನೇ ಗ್ರೆಗರಿ 1582ರಲ್ಲೇ ಹಳೆಯ ಜೂಲಿಯನ್ ಕ್ಯಾಲೆಂಡರನ್ನು ತಿದ್ದಿದ್ದರು. ಸ್ಪೇನ್, ಇಟಲಿಯ ರಾಜ್ಯಗಳು ಕೂಡಲೇ ಒಪ್ಪಿದವು. ಪೋಪ್ ಹೇಳಿದ ಲೆಕ್ಕ ಪ್ರಾಟೆಸ್ಟಂಟ್ ಇಂಗ್ಲೆಂಡಿಗೆ ಹೇಗೆ ರುಚಿಸೀತು? 170 ವರ್ಷ ಎಳೆದಾಡಿ, ಕಾಯ್ದೆ ಮಾಡಿ, 1752ರಲ್ಲಿ ಬದಲಾಯಿಸಿಕೊಂಡರು. ಸೆಪ್ಟೆಂಬರ್ 2ರ ಬುಧವಾರ ರಾತ್ರಿ ಮಲಗಿದವರು ಎದ್ದದ್ದು ಸೆಪ್ಟೆಂಬರ್ 14ರ ಗುರುವಾರ. ನಡುವಿನ 11 ದಿನ ನಾಪತ್ತೆ! ಲಿನಕ್ಸ್ ಇದ್ದರೆ ಟರ್ಮಿನಲ್‌ನಲ್ಲಿ ಕ್ಯಾಲ್ ಕಮಾಂಡ್‌ಗೆ 9 1752 ಅಂತ ಕೊಟ್ಟು ನೋಡಿ, ಹಲ್ಲು ಉದುರಿದ ಬಾಯಿಯಂಥ ಒಂದು ತಿಂಗಳು ಕಾಣುತ್ತೆ. ಹೊಸ ಲೆಕ್ಕದಲ್ಲಿ ಪೂರ್ತಿ ನಡೆದ ಮೊದಲ ವರ್ಷ 1753.

ಮೈಕ್ರೋಸಾಫ್ಟ್ ತನ್ನ ಡೇಟ್ ಪಿಕರ್ ಕೊಟ್ಟದ್ದು 1996ರಲ್ಲಿ, ಇಂಟರ್ನೆಟ್ ಎಕ್ಸ್‌ಪ್ಲೋರರ್ 3ರ ಜತೆ. ಆಪಲ್‌ನದ್ದು ಬಂದಿದ್ದು 2005ರಲ್ಲಿ. ಜಾವಾದ ಸ್ವಿಂಗ್‌ಗೆ ಕೊನೆವರೆಗೂ ಬರಲೇ ಇಲ್ಲ; 2014ರ ಜಾವಾಎಫ್‌ಎಕ್ಸ್ 8ರವರೆಗೆ ಕಾಯಬೇಕಾಯಿತು. ಎಲ್ಲ ಕಡೆ ಓಡುವ ಪ್ರೋಗ್ರಾಂ ಬರೆಯುವವರ ಪಾಡು ಕೇಳಬೇಡಿ. ಡಬ್ಲ್ಯೂಎಕ್ಸ್‌ವಿಜೆಟ್ಸ್ ಒಂದು ದಾರಿ ಹಿಡಿಯಿತು: ಸಿಸ್ಟಮ್‌ನಲ್ಲಿ ಪಿಕರ್ ಇದ್ದರೆ ಅದನ್ನೇ ಬಳಸು, ಇಲ್ಲದಿದ್ದರೆ ನೀನೇ ಬರೆದು ತೋರಿಸು. (ಅದನ್ನು 1992ರಲ್ಲಿ ಎಡಿನ್‌ಬರೋದಲ್ಲಿ ಶುರುಮಾಡಿದವರ ಹೆಸರು ಜೂಲಿಯನ್ ಸ್ಮಾರ್ಟ್. ಕಾಕತಾಳೀಯ ಅಷ್ಟೇ!) ಕ್ಯೂಟಿ ಎಲ್ಲವನ್ನೂ ತಾನೇ ಬರೆಯುತ್ತೆ. ಆದರೂ ಅದರ ಡೇಟ್ ಎಡಿಟ್‌ನ ಡೀಫಾಲ್ಟ್ ಕನಿಷ್ಠ ತಾರೀಖು ಯಾವುದು ಗೊತ್ತಾ? 1752ರ ಸೆಪ್ಟೆಂಬರ್ 14. ಬೇಕಿದ್ದರೆ ಇನ್ನೂ ಹಿಂದಕ್ಕೆ ಸರಿಸಬಹುದು ಅನ್ನೋದೇ ಸಮಾಧಾನ.

ನನಗೆ ಹೆಚ್ಚು ಸೋಜಿಗ ಅನ್ನಿಸೋದು ಮೋನೋ. ವಿಂಡೋಸ್ ಫಾರ್ಮ್ಸನ್ನು ಲಿನಕ್ಸಿಗೆ ತರಲು ಅವರು ಪ್ರತಿ ಕಂಟ್ರೋಲನ್ನೂ ಮೊದಲಿಂದ ಬರೆದರು. ವಿಂಡೋಸಿನ ಹಂಗೇ ಇರಲಿಲ್ಲ. ಆದರೆ ಹಳೆಯ ಪ್ರೋಗ್ರಾಂಗಳು ಹಾಗೇ ಓಡಬೇಕಲ್ಲ, ಅದಕ್ಕೇ 1753 ಅನ್ನೋ ಬೇಲಿಯನ್ನೂ ಹೊತ್ತು ತಂದರು. ತಪ್ಪು ಅಂತ ಹೇಳಲಾರೆ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡ್ತಿದ್ದೆ.

ಇದರ ಬಿಸಿ ತಟ್ಟೋದು ಹಳೆಯ ದಾಖಲೆಗಳ ಜತೆ ಏಗುವವರಿಗೆ. ವೆನಿಸ್‌ನಲ್ಲಿ 1600ರ ಹೊತ್ತಿಗೆ ಗ್ರೆಗೋರಿಯನ್ ಲೆಕ್ಕ ಬಳಕೆಗೆ ಬಂದು ಎಷ್ಟೋ ವರ್ಷಗಳಾಗಿದ್ದವು. ಆದರೂ ಆ ಊರಿನ 1600ರ ಒಂದು ಕಾಗದದ ತಾರೀಖನ್ನು ಈ ಪಿಕರ್‌ನಲ್ಲಿ ಆರಿಸಲಾಗದು, ಯಾಕಂದ್ರೆ ಆಗ ಇಂಗ್ಲೆಂಡ್ ಒಪ್ಪಿರಲಿಲ್ಲ! ನಮ್ಮ ತಾಳೀಕೋಟೆ ಯುದ್ಧದ 1565ರ ಜನವರಿಯೂ ಬೇಲಿಯ ಆಚೆಗೇ. ಅಂಥ ಪ್ರೋಗ್ರಾಂ ಬರೆಯುವವರು ಪಿಕರ್ ಕಿತ್ತುಹಾಕಿ ದಿನ, ತಿಂಗಳು, ವರ್ಷಕ್ಕೆ ಮೂರು ಸಾದಾ ಟೆಕ್ಸ್ಟ್ ಬಾಕ್ಸ್ ಇಡಬೇಕು. ಜತೆಗೆ ನಾಲ್ಕನೆಯದೊಂದು: ಯಾವ ಕ್ಯಾಲೆಂಡರ್?