ಕ್ರಿಸ್‌ಮಸ್‌ಗೆ ಬರಬೇಕಿದ್ದ ಕಾಗದ

ಕ್ರಿಕೆಟ್ ಹುಚ್ಚಿನ ಗೆಳೆಯನೊಬ್ಬ ಕೆಲವು ವರ್ಷಗಳ ಹಿಂದೆ ವೆಸ್ಟ್ ಇಂಡೀಸಿಗೆ ಹೋಗಿ ಬಂದ. ರಮ್ ತರ್ತಾನೆ ಅಂತ ಕಾದಿದ್ದ ನನ್ನ ಕೈಗೆ ಜಮೈಕಾದ ಹಳೆಯ 50 ಡಾಲರ್ ನೋಟೊಂದನ್ನು ಇಟ್ಟ. ‘ಇದಕ್ಕೆ ಅಲ್ಲಿ ಒಂದು ಕಾಫಿನೂ ಬರಲ್ಲ, ಇಟ್ಕೋ’ ಅಂದ. ನೋಟಿನ ಹಿಂಬದಿಯಲ್ಲಿ ಮಾಂಟೆಗೋ ಬೇ ಎಂಬ ಊರಿನ ಸಮುದ್ರತೀರ, ಟೂರಿಸ್ಟ್ ಬ್ರೋಷರಿನಲ್ಲಿ ಇರುವಂಥದ್ದು. ಮುಂಬದಿಯಲ್ಲಿ ಒಬ್ಬ ಕಪ್ಪು ಮನುಷ್ಯನ ಮುಖ. ಕೆಳಗೆ ಹೆಸರು: ಸ್ಯಾಮ್ಯುಯೆಲ್ ಶಾರ್ಪ್.

ಆ ನೋಟು ಪರ್ಸಿನಲ್ಲೇ ಇತ್ತು. ಒಂದು ಡಿಸೆಂಬರ್, ಆಫೀಸಿನಲ್ಲಿ ಸೀಕ್ರೆಟ್ ಸಾಂಟಾ ಚೀಟಿ ಎತ್ತುವಾಗ ಅದು ಕೆಳಗೆ ಬಿತ್ತು. ಎತ್ತಿಕೊಟ್ಟ ಹುಡುಗಿ ‘ಯಾರಿವರು?’ ಅಂದಳು. ನನಗೆ ಗೊತ್ತಿರಲಿಲ್ಲ. ಆ ರಾತ್ರಿ ಹುಡುಕೋಕೆ ಕೂತವನು ಎದ್ದದ್ದು ಮೂರು ಗಂಟೆಗೆ. ಯಾಕೆಂದರೆ ಈ ಮನುಷ್ಯನ ಕಥೆ ನಡೆಯುವುದೇ ಒಂದು ಕ್ರಿಸ್‌ಮಸ್ ವಾರದಲ್ಲಿ, ಅದೂ ಕಬ್ಬಿನ ಗದ್ದೆಗಳ ನಡುವೆ. ನಾನು ಮದ್ದೂರಿನ ಕಡೆಯವನು. ಕಬ್ಬು ಅಂದರೆ ಕಿವಿ ನೆಟ್ಟಗಾಗುತ್ತೆ.

1831ರ ಡಿಸೆಂಬರ್. ಜಮೈಕಾ ಆಗ ಬ್ರಿಟಿಷರದ್ದು. ದ್ವೀಪದಲ್ಲಿ 3 ಲಕ್ಷಕ್ಕೂ ಹೆಚ್ಚು ಗುಲಾಮರು, ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದವರು ಮತ್ತು ಅವರ ಮಕ್ಕಳು, ಮೊಮ್ಮಕ್ಕಳು. ಬಿಳಿಯರು ಅವರ ಮುಂದೆ ಹಿಡಿಯಷ್ಟು. ದುಡಿಮೆಯೆಲ್ಲ ಸಕ್ಕರೆಗಾಗಿ. ಅಲ್ಲಿ ಕಬ್ಬಿನ ಕಟಾವು ಶುರುವಾಗುವುದು ಕ್ರಿಸ್‌ಮಸ್ ಮುಗಿದ ಮೇಲೆ. ಕಬ್ಬಿನ ಊರಿನವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಕಡಿದ ಕಬ್ಬನ್ನು ಒಂದೆರಡು ದಿನದಲ್ಲಿ ಅರೆಯದಿದ್ದರೆ ಸಿಹಿ ಇಳಿಯುತ್ತೆ, ತೂಕ ಇಳಿಯುತ್ತೆ. ಬಲಿತ ಕಬ್ಬನ್ನು ಕಡಿಯದೆ ಬಿಟ್ಟರೂ ನಷ್ಟವೇ. ಲಾರಿ ಬರೋದು ತಡವಾದ ದಿನ ನಮ್ಮಪ್ಪ ಗದ್ದೆ ಬದುವಿನ ಮೇಲೆ ಶತಪಥ ಹಾಕುತ್ತಿದ್ದುದು ಇನ್ನೂ ಕಣ್ಣಲ್ಲಿದೆ. ಜಮೈಕಾದ ಆಲೆಮನೆಗಳಂತೂ ಕಟಾವಿನ ತಿಂಗಳುಗಳಲ್ಲಿ ಹಗಲು ರಾತ್ರಿ ಉರಿಯುತ್ತಿದ್ದವು. ನಿದ್ದೆಗಣ್ಣಲ್ಲಿ ಗಾಣಕ್ಕೆ ಕೈ ಕೊಟ್ಟವರ ಕೈ ಕತ್ತರಿಸಿ ಜೀವ ಉಳಿಸಲು ಗಾಣದ ಪಕ್ಕದಲ್ಲೇ ಕೊಡಲಿ ಇಡುವ ಪದ್ಧತಿಯೂ ಆ ದ್ವೀಪಗಳಲ್ಲಿ ಇತ್ತು.

ಅಂಥ ಕಟಾವಿಗೆ ಮುಂಚೆ ಸಿಗುವ ಕೆಲವೇ ದಿನಗಳ ಬಿಡುವೇ ಕ್ರಿಸ್‌ಮಸ್. ಗುಲಾಮರಿಗೆ ಬಟ್ಟೆ, ಉಪ್ಪು ಮೀನು, ಒಂದಿಷ್ಟು ರಮ್ ಸಿಗುತ್ತಿತ್ತು. ಜಾನ್‌ಕನೂ ಎಂಬ ವೇಷದ ಕುಣಿತ ಬೀದಿಗಿಳಿಯುತ್ತಿತ್ತು. ಕೋಡು, ಮುಖವಾಡ ಹಾಕಿಕೊಂಡು ಡೋಲು ಬಡಿಯುತ್ತಾ ಧಣಿಯ ಮನೆ ಅಂಗಳಕ್ಕೂ ನುಗ್ಗುವ ಆಟ. (ಜಮೈಕಾದವರು ಇವತ್ತಿಗೂ ಕ್ರಿಸ್‌ಮಸ್‌ಗೆ ಕುಡಿಯುವ ಕೆಂಪು ಪಾನಕ ಸಾರೆಲ್ ಇದೆಯಲ್ಲ, ಆ ಗಿಡ ನಮ್ಮ ಉತ್ತರ ಕರ್ನಾಟಕದ ಪುಂಡಿ ಪಲ್ಯದ ಬಳಗದ್ದೇ. ನಾವು ಸೊಪ್ಪು ತಿಂತೀವಿ, ಅವರು ಹೂವಿನ ಪುಷ್ಪಪಾತ್ರೆ ಕುದಿಸಿ ಕುಡೀತಾರೆ.) ಇಷ್ಟೆಲ್ಲ ಸಡಗರದ ನಡುವೆ ಧಣಿಗಳು ಮಾತ್ರ ನೆಮ್ಮದಿಯಾಗಿ ಇರುತ್ತಿರಲಿಲ್ಲ. ಇಷ್ಟು ಜನ ಒಟ್ಟಿಗೆ ಸೇರುವ, ಕೆಲಸವಿಲ್ಲದ ದಿನಗಳು ಇವು ಎಂಬ ಹೆದರಿಕೆಗೆ ಹಬ್ಬದ ಹೊತ್ತಿನಲ್ಲಿ ಕಾವಲು ಬಿಗಿ ಮಾಡುತ್ತಿದ್ದರು.

ಇನ್ನು ಮಿಶನರಿಗಳ ಕಥೆ. ಜಮೈಕಾದಲ್ಲಿ ಬ್ಯಾಪ್ಟಿಸ್ಟ್ ಧರ್ಮ ಹುಟ್ಟುಹಾಕಿದ್ದು ಇಂಗ್ಲೆಂಡಿನ ಬಿಳಿಯರು ಅಂತ ನಾನೂ ಅಂದುಕೊಂಡಿದ್ದೆ. ಅಲ್ಲ. ಜಾರ್ಜ್ ಲೈಲ್ ಎಂಬ ಕಪ್ಪು ಬೋಧಕ, ಗುಲಾಮಗಿರಿಯಿಂದ ಬಿಡುಗಡೆ ಪಡೆದವನು, 1780ರ ದಶಕದಲ್ಲೇ ಅಮೆರಿಕದಿಂದ ಬಂದು ಕಿಂಗ್‌ಸ್ಟನ್‌ನಲ್ಲಿ ಸಭೆ ಕಟ್ಟಿದ್ದ. ಇಂಗ್ಲೆಂಡಿನ ಬ್ಯಾಪ್ಟಿಸ್ಟ್ ಮಿಶನ್ ತನ್ನ ಮೊದಲ ಪಾದ್ರಿ ಜಾನ್ ರೋ ಅವರನ್ನು ಕಳಿಸಿದ್ದು 1814ರಲ್ಲಿ. ಎರಡೇ ವರ್ಷಕ್ಕೆ ಅವರು ತೀರಿಕೊಂಡರು. ಜ್ವರ ಆ ದ್ವೀಪದಲ್ಲಿ ಯಾರನ್ನೂ ಬಿಡುತ್ತಿರಲಿಲ್ಲ. ಅಂದ ಹಾಗೆ, ಈ ಮಿಶನ್ ನಮಗೇನೂ ಅಪರಿಚಿತವಲ್ಲ. 1792ರಲ್ಲಿ ಇಂಗ್ಲೆಂಡಿನ ಕೆಟರಿಂಗ್ ಎಂಬ ಸಣ್ಣ ಊರಿನಲ್ಲಿ ಶುರುವಾಗಿ, ವಿಲಿಯಂ ಕೇರಿಯನ್ನು ಬಂಗಾಳಕ್ಕೆ ಕಳಿಸಿದ ಸಂಘವೇ ಇದು. ಹೂಗ್ಲಿ ದಂಡೆಯ ಸೆರಾಂಪುರದಲ್ಲಿ ಅಚ್ಚುಕೂಟ ನಡೆಸಿದ ಕೇರಿ 1817ರಲ್ಲಿ ಕನ್ನಡ ಭಾಷೆಗೊಂದು ವ್ಯಾಕರಣವನ್ನೂ ಅಚ್ಚು ಹಾಕಿಸಿದರು.

ಜಮೈಕಾಕ್ಕೆ ಹೊರಟ ಮಿಶನರಿಗೆ ಸಂಘದ ಸೂಚನೆ ಸ್ಪಷ್ಟವಾಗಿತ್ತು. ಆತ್ಮದ ವಿಷಯ ಮಾತಾಡು, ಗುಲಾಮಗಿರಿಯ ವಿಷಯಕ್ಕೆ ಬಾಯಿ ಹಾಕಬೇಡ. ಬೋಧನೆ ಮಾಡಲು ಸ್ಥಳೀಯ ಮ್ಯಾಜಿಸ್ಟ್ರೇಟನಿಂದ ಲೈಸೆನ್ಸ್ ಬೇಕು, ಮ್ಯಾಜಿಸ್ಟ್ರೇಟ್ ಸಾಮಾನ್ಯವಾಗಿ ಕಬ್ಬಿನ ಧಣಿ. ಹಾಗಾಗಿ ಪಾದ್ರಿಗಳು ವಿಧೇಯತೆಯ ಬಗ್ಗೆ ಧಾರಾಳವಾಗಿ ಬೋಧಿಸಿದರು. ಆದರೆ ಅವರು ಇನ್ನೆರಡು ಕೆಲಸವನ್ನೂ ಮಾಡಿದರು. ಒಂದು, ಓದು ಕಲಿಸಿದ್ದು. ಇನ್ನೊಂದು, ಸಭೆಗೆ ಸೇರಿದವರಿಗೆ ಒಂದು ಪುಟ್ಟ ಟಿಕೆಟ್ ಕೊಟ್ಟು, ಅವರನ್ನು ಗುಂಪುಗಳಾಗಿ ಮಾಡಿ, ಗುಂಪಿಗೊಬ್ಬ ಗುಲಾಮನನ್ನೇ ಮುಖಂಡನಾಗಿ ಇಟ್ಟದ್ದು. ಧಣಿಯ ಲೆಕ್ಕದ ಪುಸ್ತಕದಲ್ಲಿ ಎತ್ತು, ಕುದುರೆಗಳ ಪಟ್ಟಿಯ ಪಕ್ಕದಲ್ಲಿ ಹೆಸರಿದ್ದವರಿಗೆ ಸ್ವಂತ ಹೆಸರಿಗೆ ಅಂತ ಸಿಕ್ಕ ಕಾಗದ ಅದೊಂದೇ ಇರಬೇಕು. ಅದನ್ನು ಸ್ವರ್ಗದ ಪಾಸ್‌ಪೋರ್ಟ್ ಅಂತ ಇಟ್ಟುಕೊಳ್ಳುತ್ತಾರೆ ಎಂದು ಬೇರೆ ಪಂಗಡದವರು ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಎಸ್ಟೇಟಿನಿಂದ ಎಸ್ಟೇಟಿಗೆ ಸುದ್ದಿ ಮುಟ್ಟಿಸುವ ಒಂದು ಜಾಲ ಹೀಗೆ ಪಾದ್ರಿಗಳಿಗೇ ತಿಳಿಯದಂತೆ ತಯಾರಾಗಿತ್ತು.

ಅಂಥ ಪಾದ್ರಿಗಳಲ್ಲಿ ಒಬ್ಬರು ವಿಲಿಯಂ ನಿಬ್. (ಇಂಗ್ಲಿಷ್ ಹೆಸರಿನ ಮೊದಲಲ್ಲಿ ಒಂದು ಕೆ ಇದೆ, ಉಚ್ಚಾರ ಇಲ್ಲ. ನಾನು ಎರಡು ದಿನ ‘ಕ್ನಿಬ್’ ಅಂತಲೇ ಓದಿಕೊಂಡಿದ್ದೆ.) ಅದೇ ಕೆಟರಿಂಗಿನವರು, ಅಚ್ಚಿನ ಕೆಲಸ ಕಲಿತವರು. ಜಮೈಕಾದಲ್ಲಿ ಮೇಷ್ಟ್ರಾಗಿದ್ದ ಅಣ್ಣ ಜ್ವರದಲ್ಲಿ ತೀರಿಹೋದಾಗ ಆ ಜಾಗಕ್ಕೆ 1825ರಲ್ಲಿ ಬಂದರು. ಕಂಡದ್ದೆಲ್ಲ ಅವರಿಗೆ ಅಸಹ್ಯ ಹುಟ್ಟಿಸಿತು, ಆದರೂ ಬಾಯಿ ಕಟ್ಟಿತ್ತು. 1830ರಲ್ಲಿ ಸ್ಯಾಮ್ ಸ್ವೈನಿ ಎಂಬ ಗುಲಾಮನಿಗೆ, ಪ್ರಾರ್ಥನೆ ಮಾಡಿದ ತಪ್ಪಿಗೆ, ಚಾಟಿಯೇಟಿನ ಶಿಕ್ಷೆಯಾಯಿತು. ನಿಬ್ ಹೋಗಿ ನಿಂತು ನೋಡಿದರು. ಆಮೇಲೆ ಸರಪಳಿ ಹಾಕಿ ಅವನನ್ನು ರಸ್ತೆ ಕೆಲಸಕ್ಕೆ ನಡೆಸಿಕೊಂಡು ಹೋಗುವಾಗ ಪಕ್ಕದಲ್ಲೇ ನಡೆದರು. ಆಗ ಅವರಿಂದ ಆದದ್ದು ಅಷ್ಟು, ಮತ್ತು ಅದನ್ನು ಪತ್ರಿಕೆಗೆ ಬರೆದದ್ದು.

ಈಗ ನೋಟಿನ ಮೇಲಿನ ಮುಖಕ್ಕೆ ಬರೋಣ. ಸ್ಯಾಮ್ ಶಾರ್ಪ್ ಮಾಂಟೆಗೋ ಬೇಯಲ್ಲಿ ಮನೆಗೆಲಸದ ಗುಲಾಮ. ವಯಸ್ಸು 30ರ ಆಸುಪಾಸು. ಓದು ಬರುತ್ತಿತ್ತು. ಥಾಮಸ್ ಬರ್ಚೆಲ್ ಎಂಬ ಪಾದ್ರಿಯ ಸಭೆಯಲ್ಲಿ ಆತ ಡೀಕನ್, ಅಂದರೆ ಪಾದ್ರಿಗೆ ಬಲಗೈಯಂಥ ಹಿರಿಯ. ಜನ ‘ಡ್ಯಾಡಿ ಶಾರ್ಪ್’ ಅನ್ನುತ್ತಿದ್ದರು. ಬೈಬಲ್ ಓದುವವನು ನ್ಯೂಸ್‌ಪೇಪರನ್ನೂ ಓದುತ್ತಾನಲ್ಲ. ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಗುಲಾಮಗಿರಿಯ ಚರ್ಚೆ ಕಾವೇರುತ್ತಿತ್ತು. ಜಮೈಕಾದ ಧಣಿಗಳು ಸಭೆ ಮೇಲೆ ಸಭೆ ಸೇರಿ, ಬ್ರಿಟನ್ ಹೀಗೇ ಮಾಡಿದರೆ ಅಮೆರಿಕದ ಜೊತೆ ಸೇರಿಕೊಳ್ತೀವಿ ಅಂತ ಕೂಗಾಡುತ್ತಿದ್ದರು. ಊಟದ ಮೇಜಿನ ಮೇಲೂ ಅದೇ ಮಾತು, ಬಡಿಸುತ್ತಾ ನಿಂತವರಿಗೆ ಕಿವಿಯೇ ಇಲ್ಲ ಎಂಬಂತೆ. ಗುಲಾಮರು ಇದರಿಂದ ಒಂದು ತೀರ್ಮಾನಕ್ಕೆ ಬಂದರು: ರಾಜ ಆಗಲೇ ನಮಗೆ ಬಿಡುಗಡೆಯ ಕಾಗದ ಕೊಟ್ಟಿದ್ದಾನೆ, ಧಣಿಗಳು ಬಚ್ಚಿಟ್ಟಿದ್ದಾರೆ. ಬರ್ಚೆಲ್ ಪಾದ್ರಿ ಆಗ ಇಂಗ್ಲೆಂಡಿಗೆ ಹೋಗಿದ್ದರು. ಕ್ರಿಸ್‌ಮಸ್ ಹೊತ್ತಿಗೆ ವಾಪಸ್ ಬರುವಾಗ ಆ ಕಾಗದವನ್ನು ಅವರೇ ತರ್ತಾರೆ ಎಂಬ ಸುದ್ದಿ ದ್ವೀಪದ ಪಶ್ಚಿಮ ಭಾಗದಲ್ಲೆಲ್ಲ ಹಬ್ಬಿತು.

ಶಾರ್ಪ್ ಇದನ್ನು ನಿಜಕ್ಕೂ ನಂಬಿದ್ದನೇ ಎಂದು ನಾನು ಬಹಳ ಯೋಚಿಸಿದ್ದೇನೆ. ಪೇಪರ್ ಓದುವವನು ಪೂರ್ತಿ ನಂಬಿದ್ದ ಅಂತ ನನಗೆ ಅನ್ನಿಸುವುದಿಲ್ಲ. ನಂಬಿದ್ದನೋ ಇಲ್ಲವೋ, ಅವನ ಯೋಜನೆ ಮಾತ್ರ ಆ ಕಾಗದದ ಮೇಲೆ ನಿಂತಿರಲಿಲ್ಲ. ಹಬ್ಬ ಮುಗಿದ ಮೇಲೆ ಯಾರೂ ಗದ್ದೆಗಿಳಿಯಬಾರದು. ಕೂಲಿ ಕೊಟ್ಟರೆ ಮಾತ್ರ ಕೆಲಸ. ಕಬ್ಬು ಬಲಿತು ನಿಂತಿರುವಾಗ ಕೈ ಕಟ್ಟಿ ಕೂರುವುದು. ಇವತ್ತಿನ ಭಾಷೆಯಲ್ಲಿ ಮುಷ್ಕರ. ಪ್ರಾರ್ಥನಾ ಸಭೆ ಮುಗಿದು ಉಳಿದವರು ಹೊರಟ ಮೇಲೆ, ನಂಬಿಕಸ್ಥ ಮುಖಂಡರಿಂದ ಬೈಬಲ್ ಮುಟ್ಟಿಸಿ ಪ್ರಮಾಣ ಮಾಡಿಸುತ್ತಿದ್ದ. ಧಣಿಗಳು ಬಲಪ್ರಯೋಗ ಮಾಡಿದರೆ ತಿರುಗಿ ಬೀಳುವ ಮಾತೂ ಆ ಸಭೆಗಳಲ್ಲಿ ಆಗಿತ್ತು.

ಡಿಸೆಂಬರ್ 27, ಮಂಗಳವಾರ. ಮಾಂಟೆಗೋ ಬೇಗೆ ಹತ್ತಿರದ ಸಾಲ್ಟರ್ಸ್ ಹಿಲ್‌ನಲ್ಲಿ ಹೊಸ ಚಾಪೆಲ್ಲಿನ ಪ್ರಾರಂಭೋತ್ಸವ. ನಿಬ್ ಅವರನ್ನು ಬೋಧನೆಗೆ ಕರೆದಿದ್ದರು. ಅಷ್ಟರಲ್ಲಿ ಗಾಳಿಸುದ್ದಿ ಅವರ ಕಿವಿಗೂ ಬಿದ್ದಿತ್ತು. ಎದುರಿಗೆ ಕಿಕ್ಕಿರಿದು ಕೂತ ಜನಕ್ಕೆ ಅವರು ನೇರವಾಗಿ ಹೇಳಿದರು: ಯಾವ ಕಾಗದವೂ ಬಂದಿಲ್ಲ. ಹಾಗೆಂದವರು ನಿಮಗೆ ಸುಳ್ಳು ಹೇಳಿದ್ದಾರೆ. ಕೆಲಸಕ್ಕೆ ಹೋಗಿ, ರಕ್ತ ಹರಿಸಬೇಡಿ. ಜನ ಗೊಣಗುತ್ತಾ ಎದ್ದು ಹೋದರು. ಧಣಿಗಳು ಪಾದ್ರಿಗೆ ದುಡ್ಡು ಕೊಟ್ಟು ಹೀಗೆ ಹೇಳಿಸುತ್ತಿದ್ದಾರೆ ಎಂದೂ ಕೆಲವರು ಅಂದುಕೊಂಡರು.

ಅದೇ ಸಂಜೆ ಕೆನ್ಸಿಂಗ್ಟನ್ ಎಸ್ಟೇಟಿಗೆ ಬೆಂಕಿ ಬಿತ್ತು. ಗುಡ್ಡದ ಮೇಲಿನ ಎಸ್ಟೇಟ್ ಅದು, ಉರಿ ದೂರದೂರಕ್ಕೆ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು ಎಸ್ಟೇಟ್, ಮತ್ತೊಂದು. ಶಾರ್ಪ್ ಅಂದುಕೊಂಡಿದ್ದ ಮುಷ್ಕರ ಅವನ ಕೈ ಮೀರಿತು. 60 ಸಾವಿರದಷ್ಟು ಜನ ಇದರಲ್ಲಿ ಸೇರಿದರು ಅಂತ ಅಂದಾಜು. ಸೈನ್ಯ ಇಳಿದು ಕೆಲವೇ ವಾರಗಳಲ್ಲಿ ಎಲ್ಲವನ್ನೂ ಅಡಗಿಸಿತು. ಸತ್ತ ಬಿಳಿಯರು 14 ಜನ. ಹೋರಾಟದಲ್ಲಿ ಸತ್ತ ಗುಲಾಮರು 200ಕ್ಕೂ ಹೆಚ್ಚು. ಆಮೇಲೆ ವಿಚಾರಣೆಯ ಶಾಸ್ತ್ರ ಮಾಡಿ ಕೊಂದವರು 300ಕ್ಕೂ ಹೆಚ್ಚು. ಹಂದಿ ಕದ್ದ, ಹಸು ಕದ್ದ ಅಂತೆಲ್ಲ ಆರೋಪ ಹೊರಿಸಿ ಗಲ್ಲಿಗೆ ಹಾಕಿದರು.

ಬಿಳಿಯರ ಸಿಟ್ಟು ಪಾದ್ರಿಗಳ ಮೇಲೂ ತಿರುಗಿತು. ಹಿಂದಿನ ವಾರವಷ್ಟೇ ಕೆಲಸಕ್ಕೆ ಹೋಗಿ ಎಂದಿದ್ದ ನಿಬ್, ದಂಗೆ ಎಬ್ಬಿಸಿದ ಆರೋಪಕ್ಕೆ ಗುರಿಯಾಗಿ ಬಂಧನಕ್ಕೊಳಗಾದರು. ಬರ್ಚೆಲ್ ಜನವರಿಯಲ್ಲಿ ಬಂದರು, ಕಾಗದ ತರಲಿಲ್ಲ, ಅವರನ್ನೂ ಹಿಡಿದರು. ಸಾಕ್ಷಿ ಸಿಗದೆ ಕೇಸುಗಳು ಬಿದ್ದುಹೋದವು. ಫೆಬ್ರವರಿಯಲ್ಲಿ ಧಣಿಗಳ ಗುಂಪುಗಳು ಚಾಪೆಲ್ಲುಗಳನ್ನು ಒಂದೊಂದಾಗಿ ಕೆಡವಿದವು. ಕೆಡವಿದವರಲ್ಲಿ ಮ್ಯಾಜಿಸ್ಟ್ರೇಟರೂ ಇದ್ದರು.

ಶಾರ್ಪ್‌ನನ್ನು ಜೈಲಿನಲ್ಲಿ ಹೆನ್ರಿ ಬ್ಲೀಬಿ ಎಂಬ ಮೆಥಡಿಸ್ಟ್ ಪಾದ್ರಿ ಹಲವು ಸಲ ಭೇಟಿಯಾದರು. ಅವನ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹುಪಾಲು ಅವರು ಬರೆದಿಟ್ಟದ್ದೇ. ಬೆಂಕಿ, ಸಾವು ಕಂಡು ಅವನಿಗೆ ಸಂಕಟವಿತ್ತು. ಆದರೆ ಗುಲಾಮನಾಗಿ ಬದುಕುವುದಕ್ಕಿಂತ ಗಲ್ಲಿಗೇರುವುದೇ ವಾಸಿ ಎಂಬ ಮಾತಿನಿಂದ ಕೊನೆಯವರೆಗೂ ಹಿಂದೆ ಸರಿಯಲಿಲ್ಲ. 1832ರ ಮೇ 23ರಂದು ಮಾಂಟೆಗೋ ಬೇಯ ಮಾರುಕಟ್ಟೆ ಚೌಕದಲ್ಲಿ ಅವನನ್ನು ನೇಣಿಗೆ ಹಾಕಿದರು. ‘ಆಸ್ತಿ’ ನಷ್ಟವಾಯಿತಲ್ಲ, ಅವನ ಒಡೆಯರಿಗೆ ಪರಿಹಾರ ಸಿಕ್ಕಿತು: 16 ಪೌಂಡ್ 10 ಶಿಲ್ಲಿಂಗ್.

ನಿಬ್ ಅದೇ ವರ್ಷ ಇಂಗ್ಲೆಂಡಿಗೆ ಹೋದರು. ಮಿಶನ್ನಿನ ಹಿರಿಯರು ಈಗಲೂ ಜಾಗ್ರತೆ ಅಂದರು. ತುಂಬಿದ ಸಭೆಯಲ್ಲಿ ಅವರು ಗುಲಾಮಗಿರಿಯ ವಿರುದ್ಧ ಶುರು ಮಾಡಿದಾಗ ಸಂಘದ ಕಾರ್ಯದರ್ಶಿ ಹಿಂದಿನಿಂದ ಕೋಟು ಹಿಡಿದು ಎಳೆದರಂತೆ. ನಿಬ್ ನಿಲ್ಲಿಸಲಿಲ್ಲ. ಊರೂರು ಸುತ್ತಿ ಮಾತಾಡಿದರು, ಪಾರ್ಲಿಮೆಂಟಿನ ಸಮಿತಿಗಳ ಮುಂದೆ ಸಾಕ್ಷಿ ಹೇಳಿದರು. ಕಥೆಯನ್ನು ಇಲ್ಲಿಂದ ಹೇಳಲು ಶುರು ಮಾಡಿದರೆ ಅವರೇ ಹೀರೋ. ಬಹಳ ಕಾಲ ಹಾಗೇ ಹೇಳಿದರು ಕೂಡ. ನನಗೆ ಮಾತ್ರ ಸಾಲ್ಟರ್ಸ್ ಹಿಲ್ ಬಿಟ್ಟು ಹೋಗುವುದಿಲ್ಲ. ಅವತ್ತು ನಿಬ್ ಹೇಳಿದ್ದು ಅಕ್ಷರಶಃ ನಿಜ, ಕಾಗದ ಬಂದಿರಲಿಲ್ಲ. ಎದ್ದು ಹೋದವರು ಸುಳ್ಳನ್ನು ನಂಬಿದ್ದರು. ಆದರೆ ಆ ವಾರ ಅವರು ಎದ್ದು ಹೋಗದೆ ಇದ್ದಿದ್ದರೆ ನಿಬ್ ಬಾಯಿ ಬಿಡುತ್ತಿದ್ದರೇ? ಏಳು ವರ್ಷ ಕಟ್ಟಿದ್ದ ಬಾಯಿ ಅದು. ಅವರನ್ನು ಸಣ್ಣವರು ಮಾಡೋಕೆ ಈ ಮಾತು ಹೇಳ್ತಿಲ್ಲ. ಎಷ್ಟೋ ಜನ ಆಮೇಲೂ ಬಾಯಿ ಬಿಡಲಿಲ್ಲ.

1833ರಲ್ಲಿ ಪಾರ್ಲಿಮೆಂಟ್ ಕಾನೂನು ಮಾಡಿತು. ಅದರ ಪ್ರಕಾರ ಪರಿಹಾರ 2 ಕೋಟಿ ಪೌಂಡ್, ಅದು ಹೋದದ್ದು ಒಡೆಯರಿಗೆ. ಬಿಡುಗಡೆಯಾದವರಿಗೆ ಒಂದು ಪೆನ್ನಿಯೂ ಇಲ್ಲ. ಅದಕ್ಕಾಗಿ ಎತ್ತಿದ ಸಾಲದ ಬಾಕಿಯನ್ನು ಬ್ರಿಟಿಷ್ ಸರ್ಕಾರ ಪೂರ್ತಿ ತೀರಿಸಿದ್ದು 2015ರಲ್ಲಿ. ನಾವೆಲ್ಲ ಇಎಂಐ ಕಟ್ಟುವವರು, ಈ ಸಾಲದ ಅವಧಿ ಒಮ್ಮೆ ಲೆಕ್ಕ ಹಾಕಿ. 1834ರಲ್ಲಿ ಗುಲಾಮಗಿರಿ ಹೆಸರಿಗೆ ಮುಗಿದರೂ ‘ತರಬೇತಿ’ ಎಂಬ ನೆಪದಲ್ಲಿ ಇನ್ನೂ ನಾಲ್ಕು ವರ್ಷ ದುಡಿಸಿಕೊಂಡರು. 1838ರ ಜುಲೈ 31ರ ರಾತ್ರಿ ಫಾಲ್ಮತ್ ಊರಿನಲ್ಲಿ ನಿಬ್ ಗಡಿಯಾರ ನೋಡುತ್ತಾ ನಿಂತಿದ್ದರು. 12 ಹೊಡೆದಾಗ ಜನ ಕೂಗಿದ ಕೂಗಿಗೆ ಕಟ್ಟಡವೇ ನಡುಗಿತಂತೆ. ಬೆಳಿಗ್ಗೆ ಒಂದು ಶವಪೆಟ್ಟಿಗೆಯಲ್ಲಿ ಚಾಟಿ, ಸರಪಳಿ, ಕೊರಳಿನ ಕಬ್ಬಿಣದ ಪಟ್ಟಿ ಇಟ್ಟು ಮಣ್ಣು ಮಾಡಿದರು.

ಕೂಲಿ ಕೊಟ್ಟು ದುಡಿಸಿಕೊಳ್ಳಬೇಕಾದಾಗ ಧಣಿಗಳಿಗೆ ಬೇರೆ ಕೈಗಳು ಬೇಕಾದವು. ನಿಬ್ ತೀರಿಕೊಂಡದ್ದು 1845ರ ನವೆಂಬರಿನಲ್ಲಿ, ಜ್ವರದಿಂದ. ಅದೇ ವರ್ಷದ ಮೇ ತಿಂಗಳಲ್ಲಿ ಬ್ಲಂಡೆಲ್ ಎಂಬ ಹಡಗು ಜಮೈಕಾದ ಓಲ್ಡ್ ಹಾರ್ಬರ್ ಬೇಗೆ ಬಂದು ನಿಂತಿತ್ತು. ಸೆರಾಂಪುರದ ಮುಂದೆ ಹರಿಯುವ ಹೂಗ್ಲಿ ನದಿ ಕಲ್ಕತ್ತೆಯನ್ನು ಮುಟ್ಟುತ್ತದಲ್ಲ, ಹಡಗು ಹೊರಟದ್ದು ಅಲ್ಲಿಂದ. ಇಳಿದವರು ಇನ್ನೂರೈವತ್ತಕ್ಕೂ ಹೆಚ್ಚು ಭಾರತೀಯರು, ಕಬ್ಬು ಕಡಿಯುವ ಕರಾರು ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಬಂದವರು.