ಕಪ್ಪು ಪರದೆಯಿಂದ ಕಾಸರಗೋಡಿನ ತರಗತಿಗೆ

1996ರಲ್ಲಿ ಪಿಸಿಕ್ವೆಸ್ಟ್ ಪತ್ರಿಕೆ ತನ್ನ ಓದುಗರಿಗೆ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ಸಿ.ಡಿ. ಹಂಚಿತು. ಬೆಂಗಳೂರಿನ ಅತುಲ್ ಚಿಟ್ನಿಸ್ ಈ ಸಾಹಸದ ಹಿಂದಿದ್ದವರು. ಸಿ.ಡಿ. ಹಾಕಿ ಇನ್‌ಸ್ಟಾಲ್ ಮಾಡಿದವರು ಬರೀ ಅಕ್ಷರ ತೋರಿಸುವ ಕಪ್ಪು ಪರದೆಯ ತನಕ ಹೇಗೋ ತಲುಪುತ್ತಿದ್ದರು. ಅಸಲಿ ಪರೀಕ್ಷೆ ಶುರುವಾಗುತ್ತಿದ್ದದ್ದು ಅಲ್ಲಿಂದ ಮುಂದೆ.

ಪರದೆಯ ಮೇಲೆ ಚಿತ್ರ ಮೂಡಿಸುವುದು ಎಕ್ಸ್ ವಿಂಡೋ ಸಿಸ್ಟಂನ ಕೆಲಸ. 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ಅದನ್ನು ಸಾಮಾನ್ಯ ಪಿ.ಸಿ.ಗಳಿಗೆ ತಂದದ್ದು ಎಕ್ಸ್‌ಫ್ರೀ86. ಆದರೆ ಎದುರಿಗಿರುವ ಮಾನಿಟರ್ ಯಾವುದು, ಅದರ ತಾಕತ್ತು ಎಷ್ಟು ಎಂಬುದು ಅದಕ್ಕೆ ತಾನಾಗಿ ತಿಳಿಯುತ್ತಿರಲಿಲ್ಲ. ಬಳಕೆದಾರರೇ ಮಾನಿಟರಿನ ಕೈಪಿಡಿ ಹುಡುಕಿ, ಅಡ್ಡ ಮತ್ತು ಲಂಬ ಆವರ್ತನಗಳನ್ನು ಒಂದು ಕಡತದಲ್ಲಿ ಬರೆಯಬೇಕಿತ್ತು. ‘ಮೋಡ್‌ಲೈನ್’ ಎಂಬ ಸಾಲಿನಲ್ಲಿ ಒಂದು ಅಂಕಿ ತಪ್ಪಿದರೂ ಚಿತ್ರ ಉರುಳುತ್ತಿತ್ತು, ಇಲ್ಲವೇ ಬರುತ್ತಲೇ ಇರಲಿಲ್ಲ. ತಪ್ಪು ಅಂಕಿ ಕೊಟ್ಟರೆ ಮಾನಿಟರೇ ಕೆಡಬಹುದು ಎಂಬ ಎಚ್ಚರಿಕೆ ಬೇರೆ! ಚಿತ್ರ ಕೆಟ್ಟಾಗ ಕಂಟ್ರೋಲ್, ಆಲ್ಟ್, ಬ್ಯಾಕ್‌ಸ್ಪೇಸ್ ಮೂರನ್ನೂ ಒಟ್ಟಿಗೆ ಒತ್ತಿ, ಕಪ್ಪು ಪರದೆಗೆ ಮರಳಿ, ಮತ್ತೆ ಮೊದಲಿನಿಂದ.

ಪರಿಹಾರ ಬಂದದ್ದು ಮಾನಿಟರಿನ ಕಡೆಯಿಂದಲೇ. 1994ರಲ್ಲೇ ಪರದೆಗಳ ಮಾನದಂಡ ರೂಪಿಸುವ ವೆಸಾ ಸಂಸ್ಥೆ ಇಡಿಐಡಿ ಎಂಬ 128 ಬೈಟುಗಳ ಮಾಹಿತಿಯನ್ನು ಗೊತ್ತುಪಡಿಸಿತು. ಯಾರು ತಯಾರಿಸಿದ್ದು, ಯಾವ ಅಳತೆಯ ಚಿತ್ರ ತೋರಿಸಬಲ್ಲದು ಎಂಬುದನ್ನು ಕ್ರಮೇಣ ಮಾನಿಟರೇ ಕೇಬಲಿನ ಮೂಲಕ ತಿಳಿಸತೊಡಗಿತು. 2004ರಲ್ಲಿ ಪರವಾನಗಿಯ ಜಗಳದಿಂದ ಎಕ್ಸ್‌ಫ್ರೀ86 ಒಡೆದು ಎಕ್ಸ್.ಆರ್ಗ್ ಮುಂದೆ ಬಂತು. 2007ರ ಹೊತ್ತಿಗೆ, ಕಂಪ್ಯೂಟರ್ ಓಡುತ್ತಿರುವಾಗಲೇ ಎರಡನೆಯ ಪರದೆ ಜೋಡಿಸುವ ಎಕ್ಸ್‌ರ‍್ಯಾಂಡರ್ ಸೌಲಭ್ಯ ಸಿಕ್ಕಿತು. ಬಹುತೇಕ ಜನರು ಆವರ್ತನ ಬರೆಯುವ ಆ ಕಡತವನ್ನು ಮರೆತೇಬಿಟ್ಟರು.

ಈ ಬದಲಾವಣೆಯ ಕಾಲದಲ್ಲೇ ಕೇರಳದ ಶಾಲೆಗಳು ಲಿನಕ್ಸಿನತ್ತ ಹೊರಳಿದವು. 2001ರಲ್ಲಿ ಶುರುವಾದ ಐಟಿ@ಸ್ಕೂಲ್ ಯೋಜನೆ ಮೊದಲು ಡೆಬಿಯನ್, ಆಮೇಲೆ ಉಬುಂಟು ಎಂಬ ಲಿನಕ್ಸ್ ಆವೃತ್ತಿಗಳನ್ನು ಆಧರಿಸಿ ತನ್ನದೇ ಆವೃತ್ತಿ ಸಿದ್ಧಪಡಿಸಿತು. ಹೀಗೆ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಲಿನಕ್ಸ್ ಪಾಠದ ಭಾಗವಾಯಿತು, ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೇ ಬಂತು.

ಕನ್ನಡ ಓದುವವರಿಗೆ ಪರದೆಯ ತೊಂದರೆ ಅಳತೆಗಷ್ಟೇ ಸೀಮಿತವಾಗಿರಲಿಲ್ಲ. ಅಕ್ಷರ ಜೋಡಿಸುವ ತಂತ್ರಾಂಶ ಪಕ್ವವಾಗಿರದ ದಿನಗಳಲ್ಲಿ ಒತ್ತಕ್ಷರಗಳು ಕಳಚಿ ಬೀಳುತ್ತಿದ್ದವು. ಫಾಂಟ್ ಇಲ್ಲದಿದ್ದರೆ ಬರೀ ಚೌಕಗಳು. ಪ್ಯಾಂಗೋ, ಆಮೇಲೆ ಹಾರ್ಫ್‌ಬಜ್ ಈ ಜೋಡಣೆಯನ್ನು ಸರಿಪಡಿಸಿದವು. ಕೇದಗೆ, ಮಲ್ಲಿಗೆ, ಲೋಹಿತ್, ಗುಬ್ಬಿ, ನವಿಲು ಫಾಂಟುಗಳು ಮುಕ್ತವಾಗಿ ದೊರೆತವು.

ಐಟಿ@ಸ್ಕೂಲ್ 2017ರಲ್ಲಿ ಕೈಟ್ ಎಂಬ ಸರ್ಕಾರಿ ಕಂಪನಿಯಾಯಿತು. 2018ರಲ್ಲಿ ಆರಂಭವಾದ ಹೈಟೆಕ್ ಯೋಜನೆ ಕೇರಳದ 45,000 ತರಗತಿಗಳಿಗೆ ಲ್ಯಾಪ್‌ಟಾಪು, ಪ್ರೊಜೆಕ್ಟರು ಕೊಟ್ಟಿತು.

ಪ್ರೊಜೆಕ್ಟರ್ ಇದ್ದಲ್ಲೆಲ್ಲ, ಅದು ಯಾವ ಊರಿನ ತರಗತಿಯಾದರೂ, ಹಳೆಯ ಸಮಸ್ಯೆ ಹೊಸ ವೇಷದಲ್ಲಿ ಎದುರಾಗುತ್ತದೆ. ಉದಾಹರಣೆಗೆ, ಲ್ಯಾಪ್‌ಟಾಪಿನ ಪರದೆ 1366×768, ಹಳೆಯ ಪ್ರೊಜೆಕ್ಟರಿನದು 1024×768. ಎರಡರಲ್ಲೂ ಒಂದೇ ಚಿತ್ರ ತೋರಿಸಲು ಹೊರಟರೆ ಒಂದು ಕಡೆ ಹಿಗ್ಗುತ್ತದೆ, ಇಲ್ಲವೇ ಅಂಚು ಕತ್ತಲಾಗುತ್ತದೆ. ಕೆಲವು ಅಗ್ಗದ ವಿಜಿಎ ಕೇಬಲುಗಳಲ್ಲಿ ಇಡಿಐಡಿ ಒಯ್ಯುವ 12 ಮತ್ತು 15ನೇ ಪಿನ್ನುಗಳ ತಂತಿಯೇ ಇರುವುದಿಲ್ಲ. ಪ್ರೊಜೆಕ್ಟರಿನಿಂದ ಮಾಹಿತಿ ಬಾರದಿದ್ದಾಗ ಲಿನಕ್ಸ್ ಅಂದಾಜಿನ ಮೇಲೆ ಒಂದು ಅಳತೆ ಹಿಡಿಯುತ್ತದೆ. ಆಗ ಎಕ್ಸ್‌ರ‍್ಯಾಂಡರಿಗೆ ಕೈಯಾರೆ ಕೊಡಬೇಕಾದದ್ದು ಅದೇ 1990ರ ದಶಕದ ಮೋಡ್‌ಲೈನ್. ಎಕ್ಸ್ ಬದಲಿಗೆ ಬಂದ ವೇಲ್ಯಾಂಡ್ ಬಳಸುವ ಡೆಸ್ಕ್‌ಟಾಪಿನಲ್ಲಿ ಆ ದಾರಿಯೂ ಇಲ್ಲ; ಸೆಟ್ಟಿಂಗ್ಸಿನಲ್ಲೇ ಬದಲಿಸಬೇಕು.

ಹಾಗಾಗಿ ಪ್ರೊಜೆಕ್ಟರಿನಲ್ಲಿ ಚಿತ್ರ ಕೆಟ್ಟರೆ ಲಿನಕ್ಸನ್ನು ಬೈದು ಮತ್ತೆ ಇನ್‌ಸ್ಟಾಲ್ ಮಾಡಲು ಹೋಗಬೇಡಿ. ಮೊದಲು ಕೇಬಲ್ ಬದಲಿಸಿ ನೋಡಿ.